ಫಲಾಹಾರಕ್ಕೆ ಫಲ ಮರಳಲಿ

ಇಂದಿನ ಮಾತನ್ನು ಒಂದು ಪದದಿಂದ ಆರಂಭಿಸುತ್ತೇನೆ. ಆ ಪದ 'ಫಲಾಹಾರ'. ಹಣ್ಣನ್ನೇ ಆಹಾರವಾಗಿ ತೆಗೆದುಕೊಳ್ಳುವುದು ಎಂಬುದು ಅದರ ನೇರ ಅರ್ಥ. ಏಕಾದಶಿಯ ದಿನ ಅನ್ನ ಬಿಟ್ಟವರು ಬಾಳೆಹಣ್ಣು, ಹಾಲು, ನೆನೆಸಿದ ಅವಲಕ್ಕಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಯಾವತ್ತು ಏಕಾದಶಿ, ಯಾವತ್ತು ಒಪ್ಪೊತ್ತು ಎಂದು ನೋಡಲು ಮೈಸೂರು ಸೀಮೆಯ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಕೈಗೆಟುಕುವ ಕಡೆಯಲ್ಲೇ ಇರುತ್ತಿತ್ತು. ಈಗಲೂ ಎಷ್ಟೋ ಮನೆಗಳಲ್ಲಿದೆ. ಆದರೆ ಈ ಪದ ಬರುಬರುತ್ತಾ ಉಪವಾಸದ ಕೋಣೆಯಿಂದ ಹೊರಬಂತು. ಹಳೆಯ ಮೈಸೂರಿನಲ್ಲಿ 'ಫಲಾಹಾರ ಆಯಿತೇ' ಎಂದು ಕೇಳಿದರೆ ಉಪ್ಪಿಟ್ಟೋ ದೋಸೆಯೋ ಆಯಿತೇ ಎಂದೇ ಅರ್ಥ. ಉತ್ತರ ಕರ್ನಾಟಕದಲ್ಲಿ ಅದು 'ಫರಾಳ' ಆಗಿ, ದೀಪಾವಳಿಯ ಚಕ್ಕುಲಿ, ಶಂಕರಪೋಳಿಗಳ ತಟ್ಟೆಗೂ ಅದೇ ಹೆಸರು ನಿಂತಿತು. ಅಂದರೆ ಹೆಸರು ಉಳಿಯಿತು, ಹೆಸರಿನೊಳಗಿದ್ದ ಹಣ್ಣು ಮಾತ್ರ ತಟ್ಟೆಯಿಂದ ಇಳಿದುಹೋಯಿತು. ಇಂದು ನಮ್ಮ ಬೆಳಗಿನ ತಿಂಡಿಯನ್ನು ಲೆಕ್ಕ ಹಾಕಿ ನೋಡಿ: ಅಕ್ಕಿ ಇದೆ, ರವೆ ಇದೆ, ಬೇಳೆ ಇದೆ, ಎಣ್ಣೆ ಇದೆ, ಹಣ್ಣು ಇರುವ ಮನೆ ಕಡಿಮೆ. ಹೀಗಿರುವಾಗ ಬೇರೊಂದು ಖಂಡದ ತಿಂಡಿಯೊಂದು, ಮೇಲೆ ಹಣ್ಣು ಹೊತ್ತು, ಹಣ್ಣಿನ ಪಾಕ ಸುರಿಸಿಕೊಂಡು ನಮ್ಮ ಬಡಾವಣೆಗಳಿಗೆ ಬಂದಿದೆ. ಅದರ ಹೆಸರು ವಾಫಲ್. ಈ ವಾಫಲ್‌ನ ಚರಿತ್ರೆಯನ್ನೂ ನಮ್ಮ ಅಪ್ಪ, ದೋಸೆ, ಪಾಕಗಳ ಚರಿತ್ರೆಯನ್ನೂ ಒಟ್ಟಿಗೆ ಓದಿದರೆ, ಮನೆಯಲ್ಲೇ ಹಿತವಾಗಿ ಮಾಡಿದ ಹಣ್ಣಿನ ವಾಫಲ್ ನಮ್ಮ ಫಲಾಹಾರಕ್ಕೆ ಫಲವನ್ನು ಮರಳಿ ತರಬಲ್ಲದು ಎಂಬುದು ನನ್ನ ವಾದ.

ಮೊದಲು ಹೊತ್ತಿನ ವಿಚಾರ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಬೆಸೆದು ಹತ್ತು ಹನ್ನೊಂದು ಗಂಟೆಗೆ ಉಣ್ಣುವುದಕ್ಕೆ ಬ್ರಂಚ್ ಎನ್ನುತ್ತಾರೆ. 1895ರಲ್ಲಿ ಗೈ ಬೆರಿಂಜರ್ ಎಂಬ ಲೇಖಕ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಈ ಪದವನ್ನು ಬಳಸಿ, ಭಾನುವಾರಗಳಿಗೆ ಇಂಥದೊಂದು ಊಟ ಬೇಕೆಂದು ವಾದಿಸಿದ. ಮೈಸೂರಿಗೆ ಈ ಪದ ಬಂದ ದಾರಿಗಳಲ್ಲಿ ಒಂದು ಒಂಟಿಕೊಪ್ಪಲು ಬಡಾವಣೆಯ ನೆರೆಯ ಗೋಕುಲಂ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ ನಡೆಸುತ್ತಿದ್ದ ಅಷ್ಟಾಂಗ ಯೋಗಶಾಲೆ 2002ರಲ್ಲಿ ಗೋಕುಲಂಗೆ ಬಂತು. ಹಲವು ದೇಶಗಳ ವಿದ್ಯಾರ್ಥಿಗಳು ಬಂದು ತಿಂಗಳುಗಟ್ಟಲೆ ಅಲ್ಲಿ ನೆಲೆಸತೊಡಗಿದರು. ಯೋಗಾಭ್ಯಾಸಕ್ಕೆ ಹೊಟ್ಟೆ ಖಾಲಿಯಿರಬೇಕು. ಅಭ್ಯಾಸ ಮುಗಿದ ಮೇಲೆ ಬರುವ ಹಸಿವು ಒಂದು ತಿಂಡಿಗೆ ನಿಲ್ಲುವುದಿಲ್ಲ. ಆ ಹಸಿವಿಗಾಗಿ ಸುತ್ತಲ ಬೀದಿಗಳಲ್ಲಿ ಹಣ್ಣಿನ ಬಟ್ಟಲು, ಪ್ಯಾನ್‌ಕೇಕ್, ವಾಫಲ್ ಕೊಡುವ ಕೆಫೆಗಳು ಹುಟ್ಟಿದವು. ಇದನ್ನು ಹೊಸ ಷೋಕಿ ಎಂದು ತಳ್ಳಿಹಾಕುವ ಮುನ್ನ ಒಂದು ಕ್ಷಣ ನಿಲ್ಲಬೇಕು. ನಮ್ಮ ರೈತಾಪಿ ಮನೆಗಳಲ್ಲಿ ನಸುಕಿಗೆ ಎದ್ದು, ದನಕರು ನೋಡಿ, ಹೊಲದಲ್ಲಿ ಒಂದು ಸುತ್ತು ದುಡಿದು, ಬಿಸಿಲೇರುವ ಹೊತ್ತಿಗೆ ಮುದ್ದೆಯ ಊಟ ಮಾಡುವುದು ರೂಢಿ. ದೇವರ ಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕದೆ, ಆಮೇಲೆ ಒಂದೇ ಸಲ ಉಣ್ಣುವ ಮನೆತನಗಳೂ ಇದ್ದವು. ದುಡಿದು ಹಸಿದು, ನಡುಬೆಳಗಿನಲ್ಲಿ ತೃಪ್ತಿಯಾಗಿ ಉಣ್ಣುವ ಕ್ರಮಕ್ಕೆ ಹೆಸರು ಹೊಸದು, ಅಭ್ಯಾಸ ಹಳೆಯದು.

ಇನ್ನು ವಾಫಲ್‌ನ ಕಥೆ. ಯೂರೋಪಿನಲ್ಲಿ ಮಧ್ಯಯುಗದಿಂದಲೂ ಎರಡು ಕಬ್ಬಿಣದ ಬಿಲ್ಲೆಗಳನ್ನು ಉದ್ದನೆಯ ಹಿಡಿಗಳಿಗೆ ಇಕ್ಕಳದಂತೆ ಜೋಡಿಸಿ, ನಡುವೆ ಹಿಟ್ಟು ಹೊಯ್ದು, ಬೆಂಕಿಯ ಮೇಲೆ ತಿರುಗಿಸಿ ಬೇಯಿಸುತ್ತಿದ್ದರು. ಮೊದಮೊದಲು ಅದು ಇಗರ್ಜಿಯ ಪ್ರಸಾದದ ರೊಟ್ಟಿಗೆ ಹತ್ತಿರವಾದ, ಹಪ್ಪಳದಷ್ಟು ತೆಳುವಾದ ಬಿಲ್ಲೆ. ಬಿಲ್ಲೆಗಳ ಮೇಲೆ ಶಿಲುಬೆ, ಕುಟುಂಬದ ಲಾಂಛನ, ಹೂಬಳ್ಳಿಗಳ ಕೆತ್ತನೆ. ಕ್ರಮೇಣ ಕೆತ್ತನೆ ಆಳವಾಯಿತು, ಚೌಕುಳಿಯಾಯಿತು, ಹಿಟ್ಟಿಗೆ ಯೀಸ್ಟ್ ಸೇರಿ ತಿಂಡಿ ದಪ್ಪನಾಯಿತು. ಜೇನುಗೂಡಿನ ಹಾಗೆ ಕಾಣುವ ಈ ತಿಂಡಿಗೆ ಡಚ್ಚರು ಇಟ್ಟ ಹೆಸರೇ ಇಂದಿನ ವಾಫಲ್ ಎಂಬ ಪದದ ಮೂಲ. ಡಚ್ ವಲಸೆಗಾರರೊಂದಿಗೆ ಅದು ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಕಾರ್ನೇಲಿಯಸ್ ಸ್ವಾರ್ಟ್‌ವೌಟ್ 1869ರ ಆಗಸ್ಟ್ 24ರಂದು ಒಲೆಯ ಮೇಲಿಟ್ಟು ಮಗುಚಬಹುದಾದ ವಾಫಲ್ ಕಾವಲಿಗೆ ಪೇಟೆಂಟ್ ಪಡೆದ. 20ನೆಯ ಶತಮಾನದಲ್ಲಿ ಅದೇ ಕಾವಲಿಗೆ ವಿದ್ಯುತ್ತಿನ ತಂತಿ ಕೂಡಿತು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೆಲ್ಜಿಯಂ ಶೈಲಿಯ ದಪ್ಪ ವಾಫಲ್ ಸ್ಟ್ರಾಬೆರಿ ಮತ್ತು ಕೆನೆಯೊಂದಿಗೆ ಲೋಕಪ್ರಸಿದ್ಧವಾಯಿತು. ಈ ಕಥೆಯಲ್ಲಿ ಗಮನಿಸಬೇಕಾದ ಒಂದು ತಿರುವು ಇದೆ. ಹಳೆಯ ದಪ್ಪ ವಾಫಲ್ ಹುದುಗಿನಿಂದ ಉಬ್ಬುತ್ತಿತ್ತು. ಹಿಟ್ಟಿಗೆ ಗಂಟೆಗಟ್ಟಲೆ ವಿಶ್ರಾಂತಿ ಬೇಕಿತ್ತು. 19ನೆಯ ಶತಮಾನದ ನಡುವಿನಲ್ಲಿ ಬೇಕಿಂಗ್ ಪೌಡರ್ ಬಂದದ್ದೇ ಕಾಯುವ ಕೆಲಸ ತಪ್ಪಿತು. ಮೈದಾ, ಸಕ್ಕರೆ, ಪುಡಿ ಕಲಸಿ ಅರ್ಧ ಗಂಟೆಯಲ್ಲಿ ತಟ್ಟೆಗೆ ಬರುವಂತಾಯಿತು. ಇಂದು ಅಂಗಡಿಗಳಲ್ಲಿ ಸಿಗುವ ವಾಫಲ್‌ನಲ್ಲಿ ಬಹುಪಾಲು ಈ ಅವಸರದ ಸಂತಾನ. ಅದನ್ನು ನೋಡಿ ವಾಫಲ್ ಎಂದರೇ ಅಹಿತ ಎಂದು ತೀರ್ಮಾನಿಸುವವರು ಅದರ ಹಿಂದಿನ ಶತಮಾನಗಳ ಹುದುಗನ್ನು ಮರೆಯುತ್ತಾರೆ.

ನಮ್ಮ ಕಡೆಯ ಚರಿತ್ರೆಯೂ ಹಿಟ್ಟು, ಸಿಹಿ ಮತ್ತು ಕಾದ ಪಾತ್ರೆಯ ಚರಿತ್ರೆಯೇ. ಋಗ್ವೇದದಲ್ಲಿ ತುಪ್ಪದೊಡನೆ ಬರುವ 'ಅಪೂಪ'ವನ್ನು ನಮ್ಮ ಅಪ್ಪದ ಮೂಲಪದವೆಂದು ಹೇಳುವುದುಂಟು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ ದೋಸೆ, ಇಡ್ಲಿಗಳ ಪೂರ್ವಜರು ಕಾಣಿಸುತ್ತಾರೆ. ಮೈಸೂರಿಗೆ ಇನ್ನೂ ಹತ್ತಿರದ ಸಾಕ್ಷಿ 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನದು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಈ ಜೈನ ಅರಸು ಕವಿ ಅಡುಗೆಯನ್ನೇ ವಸ್ತುವಾಗಿ ಆರಿಸಿಕೊಂಡು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಅದು ಮೊದಲಾಗುವುದೇ ಪಿಷ್ಟಪಾಕದಿಂದ, ಎಂದರೆ ಹಿಟ್ಟಿನ ತಿಂಡಿಗಳಿಂದ. ಪಾಕ ಎಂಬ ಮಾತಿಗೆ ಅಡುಗೆ ಎಂದೂ ಅರ್ಥ, ಬೆಲ್ಲ ಕಾಯಿಸಿದ ರಸ ಎಂದೂ ಅರ್ಥವಿರುವುದು ನಮ್ಮ ಭಾಷೆಯ ಭಾಗ್ಯ. ಪಾತ್ರೆಯ ಕಡೆಯಿಂದ ನೋಡಿದರೆ ಗುಳಿಯಪ್ಪದ ಹಂಚು ಇದೆ. ಅದನ್ನೇ ಬೇರೆ ಬೇರೆ ಊರಿನವರು ಪಡ್ಡಿನ ಹಂಚು, ಗುಂಡುಪಂಗಳದ ಕಾವಲಿ ಎನ್ನುತ್ತಾರೆ. ಗುಳಿಬಿದ್ದ ಲೋಹ ಹಿಟ್ಟಿಗೆ ಆಕಾರವನ್ನೂ ಗರಿಯಾದ ಹೊರಮೈಯನ್ನೂ ಒಳಗಿನ ಮೃದುತನವನ್ನೂ ಒಟ್ಟಿಗೆ ಕೊಡುತ್ತದೆ ಎಂಬ ತತ್ತ್ವವೇ ವಾಫಲ್ ಕಾವಲಿಯದೂ. ಮಲೆನಾಡಿನ ತೊಡೆದೇವನ್ನು ನೆನೆಯಿರಿ. ಆಲೆಮನೆಯ ಕಾಲದಲ್ಲಿ ಅಕ್ಕಿಹಿಟ್ಟಿಗೆ ಕಬ್ಬಿನ ಹಾಲು ಸೇರಿಸಿ, ಬೋರಲು ಹಾಕಿದ ಮಡಕೆಯ ಕಾದ ಬೆನ್ನಿಗೆ ತೆಳ್ಳಗೆ ತೊಡೆದು, ಕಾಗದದಂತೆ ಮಡಚಿ ತೆಗೆಯುತ್ತಾರೆ. ಯೂರೋಪಿನ ವಾಫಲ್‌ನ ಪೂರ್ವಜ ತೆಳುಬಿಲ್ಲೆಯಾದರೆ, ತೊಡೆದೇವು ಅದರ ದೂರದ ಸಹೋದರ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಎಲ್ಲ ನಮ್ಮಲ್ಲೇ ಮೊದಲಿತ್ತು ಎಂಬ ಹಮ್ಮಿಗೂ ಇಲ್ಲಿ ಜಾಗವಿಲ್ಲ. ಹಿಟ್ಟು, ಬೆಂಕಿ, ಸಿಹಿ ಇರುವ ಕಡೆಯಲ್ಲೆಲ್ಲ ಮನುಷ್ಯನ ಕೈ ಒಂದೇ ಬಗೆಯ ಉಪಾಯಗಳನ್ನು ಕಂಡುಕೊಂಡಿದೆ ಎಂಬುದಷ್ಟೇ ಮಾತು. ಆದ್ದರಿಂದ ವಾಫಲ್ ನಮ್ಮ ಅಡುಗೆಮನೆಗೆ ಬಂದಾಗ ಗುರುತಿಲ್ಲದವರ ಮನೆಗೆ ಬಂದ ಹಾಗಾಗುವುದಿಲ್ಲ.

'ಎಲ್ಲರ ಮನೆ ದೋಸೆಯೂ ತೂತೇ' ಎಂಬ ಗಾದೆಯಲ್ಲಿ ತೂತು ಎಂದರೆ ಕೊರತೆ. ಅಡುಗೆಯ ಲೆಕ್ಕದಲ್ಲಿ ಮಾತ್ರ ಆ ತೂತೇ ದೋಸೆಯ ಯೋಗ್ಯತಾಪತ್ರ. ಅಕ್ಕಿ ಉದ್ದುಗಳನ್ನು ರುಬ್ಬಿಟ್ಟಾಗ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಮುಂತಾದ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಕೆಲಸ ಮಾಡಿ ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ. ಕಾದ ಕಾವಲಿಯ ಮೇಲೆ ಆ ಅನಿಲವೂ ಆವಿಯೂ ಹೊರಬರುವ ದಾರಿಯೇ ದೋಸೆಯ ಕಣ್ಣು. ದೋಸೆಯ ತೂತು ಒಳಗಿನಿಂದ ಬರುತ್ತದೆ. ವಾಫಲ್‌ನ ಗುಳಿಯನ್ನು ಕಬ್ಬಿಣ ಹೊರಗಿನಿಂದ ಒತ್ತುತ್ತದೆ. ಹಿತವಾದ ವಾಫಲ್ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರದ ಅರ್ಧಭಾಗ ಈ ವ್ಯತ್ಯಾಸದಲ್ಲೇ ಇದೆ. ಕಬ್ಬಿಣ ಎಷ್ಟೇ ಚೆಂದದ ಗುಳಿ ಒತ್ತಲಿ, ಹಿಟ್ಟು ತಾನಾಗಿ ಉಸಿರಾಡದಿದ್ದರೆ ತಿಂಡಿ ಹೊಟ್ಟೆಗೆ ಭಾರ, ಬಾಯಿಗೆ ಹಿಟ್ಟುಹಿಟ್ಟು. ಹುದುಗು ಬಂದ ಹಿಟ್ಟಿನಲ್ಲಿ ಧಾನ್ಯದ ಫೈಟೇಟ್ ಅಂಶ ತಗ್ಗುತ್ತದೆ. ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ದೇಹ ಹೀರಿಕೊಳ್ಳದಂತೆ ಹಿಡಿದಿಡುವುದು ಈ ಫೈಟೇಟ್. ಹೀಗಾಗಿ ಹುದುಗಿಗೆ ಕಾಯುವ ಒಂದು ರಾತ್ರಿ ರುಚಿಗೆ ಮಾತ್ರವಲ್ಲ, ಪೋಷಣೆಗೂ ಸಂದ ಸಮಯ. ಬೇಕಿಂಗ್ ಪೌಡರ್ ಕಿತ್ತುಕೊಂಡ ಆ ರಾತ್ರಿಯನ್ನು ವಾಫಲ್‌ಗೆ ಹಿಂದಿರುಗಿಸುವ ವಿದ್ಯೆ, ದಿನವೂ ಹಿಟ್ಟು ರುಬ್ಬಿಟ್ಟು ಮಲಗುವ ನಮ್ಮ ಮನೆಗಳಿಗೆ ಹೊಸದಾಗಿ ಕಲಿಯಬೇಕಾದದ್ದೇನಲ್ಲ.

ಧಾನ್ಯದ ವಿಚಾರಕ್ಕೆ ಬಂದರೆ, ಮೈದಾದ ಜಾಗದಲ್ಲಿ ರಾಗಿ ನಿಲ್ಲಬೇಕು ಎನ್ನುತ್ತೇನೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ನಾವು ನಿತ್ಯ ತಿನ್ನುವ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಸಿಪ್ಪೆಯೊಂದಿಗೇ ಹಿಟ್ಟಾಗುವುದರಿಂದ ನಾರೂ ಉಳಿಯುತ್ತದೆ. ರಾಗಿಯಲ್ಲಿ ಗೋಧಿಯ ಅಂಟು ಇಲ್ಲದಿರುವುದು ರೊಟ್ಟಿ ಎಳೆಯುವವರಿಗೆ ತೊಡಕಾದರೂ ವಾಫಲ್‌ಗೆ ಅನುಕೂಲ: ಅಂಟು ಹೆಚ್ಚಾದಷ್ಟೂ ವಾಫಲ್ ರಬ್ಬರಿನಂತೆ ಜಗ್ಗುತ್ತದೆ, ಅಂಟಿಲ್ಲದ ಹಿಟ್ಟು ಎರಡು ಕಬ್ಬಿಣಗಳ ನಡುವೆ ಗರಿಗರಿಯಾಗಿ ನಿಲ್ಲುತ್ತದೆ. ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ಉದ್ದು ಮಾಡುತ್ತದೆ, ಜೊತೆಗೆ ಹಿಸುಕಿದ ಬಾಳೆಹಣ್ಣು ಮಾಡುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ಇದು ಮುಖ್ಯ ಅಂಶ.

ಇನ್ನು ಹಣ್ಣು. ಬಾಳೆಹಣ್ಣು ಎಂದ ಕೂಡಲೇ ಈ ನೆಲದಲ್ಲಿ ನಂಜನಗೂಡು ರಸಬಾಳೆಯ ಹೆಸರು ಬರದೆ ಇರದು. ಭೌಗೋಳಿಕ ಗುರುತಿನ ಮಾನ್ಯತೆ, ಜನರ ಬಾಯಲ್ಲಿ ಜಿಐ ಟ್ಯಾಗ್, ಪಡೆದ ಈ ಹಣ್ಣು ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ತೋಟಗಳಿಂದ ಬಹುಮಟ್ಟಿಗೆ ಕಣ್ಮರೆಯಾಗುವ ಸ್ಥಿತಿಗೆ ಬಂತು. ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕಿರುವುದರಿಂದ, ಒಮ್ಮೆ ಸೋಂಕಿದ ತೋಟದಲ್ಲಿ ಮತ್ತೆ ಬೆಳೆಯುವುದು ಕಷ್ಟ. ಒಂದು ಹಣ್ಣನ್ನು ಉಳಿಸಲು ಮಾನ್ಯತೆಯ ಪತ್ರವೊಂದೇ ಸಾಲದು. ಅದನ್ನು ಕೊಳ್ಳುವ, ಅಡುಗೆಗೆ ಬಳಸುವ, ಅದರ ರುಚಿಯನ್ನು ಮಕ್ಕಳಿಗೆ ಕಲಿಸುವ ಮನೆಗಳು ಬೇಕು. ಫಲಾಹಾರಕ್ಕೆ ಫಲ ಮರಳಬೇಕು ಎಂಬ ನನ್ನ ಮಾತಿನ ಹಿಂದೆ ಈ ಆತಂಕವೂ ಇದೆ. ಕರಾವಳಿಯವರು ಬಾಳೆಹಣ್ಣನ್ನು ಹಿಟ್ಟಿಗೆ ಕಲಸಿ ಬನ್ಸ್ ಮಾಡುತ್ತಾರೆ, ಗಣೇಶ ಚತುರ್ಥಿಗೆ ಅಪ್ಪ ಮಾಡುತ್ತಾರೆ. ಹಲಸಿನ ಕಾಲ ಬಂದರೆ ಹಲಸಿನ ಹಣ್ಣಿನ ದೋಸೆ, ಕಡುಬು, ಮುಳ್ಕ. ಹಣ್ಣು ಮಿಗುವ ಕಾಲಕ್ಕೆ ಅದು ಹಾಳಾಗದಂತೆ ಹಿಟ್ಟಿನೊಡನೆ ಕೂಡಿಸಿದ ಜಾಣ್ಮೆ ಅದು. ಮೈಸೂರಿನ ಮಾರುಕಟ್ಟೆಯಲ್ಲಿ ಬೇಸಿಗೆಗೆ ರಸಪುರಿ, ಬಾದಾಮಿ ಮಾವು, ಮಳೆಗಾಲದ ಮೊದಲಿಗೆ ಹಲಸು, ನೇರಳೆ, ಚಳಿಗೆ ಸೀಬೆ, ಕೊಡಗಿನ ಕಿತ್ತಳೆ, ಎಲ್ಲ ಕಾಲಕ್ಕೂ ಏಲಕ್ಕಿ ಬಾಳೆ, ಪಪ್ಪಾಯಿ ಸಿಗುತ್ತವೆ. ವಾಫಲ್‌ಗೆ ಸ್ಟ್ರಾಬೆರಿಯೇ ಆಗಬೇಕು ಎಂಬುದು ಜಾಹೀರಾತಿನ ನಿಯಮ. ನಾಲಿಗೆ ಹಾಗೆಂದು ಎಲ್ಲೂ ಹೇಳಿಲ್ಲ.

ವಾಫಲ್‌ನ ಗುಳಿಗಳು ಇರುವುದೇ ಪಾಕ ನಿಲ್ಲಲಿ ಎಂದು. ಅಮೆರಿಕ, ಕೆನಡಾಗಳಲ್ಲಿ ಅದು ಮೇಪಲ್ ಮರದ ರಸ. ಅಲ್ಲಿನ ಮೂಲನಿವಾಸಿಗಳು ವಸಂತದ ಆರಂಭದಲ್ಲಿ ಮರದ ರಸ ಇಳಿಸಿ ಕಾಯಿಸುವ ವಿದ್ಯೆಯನ್ನು ಬೆಳೆಸಿದರು. ಸುಮಾರು 40 ಲೀಟರ್ ರಸ ಬತ್ತಿದರೆ 1 ಲೀಟರ್ ಪಾಕ. ಇಲ್ಲಿ ಮಾರಾಟಕ್ಕಿರುವ ಅಗ್ಗದ 'ಪ್ಯಾನ್‌ಕೇಕ್ ಸಿರಪ್' ಶೀಶೆಗಳಲ್ಲಿ ಹಲವು ಸಕ್ಕರೆ ಅಥವಾ ಜೋಳದ ಪಾಕಕ್ಕೆ ಬಣ್ಣ, ವಾಸನೆ ಕೂಡಿಸಿದವು. ಅವುಗಳಲ್ಲಿ ಮರವೂ ಇಲ್ಲ, ಹಣ್ಣೂ ಇಲ್ಲ. ನಮ್ಮ ಮಲೆನಾಡಿನಲ್ಲಿ ತೆಳ್ಳೇವು ಎಂಬ ತೆಳುದೋಸೆಯ ಪಕ್ಕಕ್ಕೆ ಜೋನಿ ಬೆಲ್ಲ, ಮೇಲೊಂದು ಚಮಚ ತುಪ್ಪ. ಕಬ್ಬಿನ ಹಾಲನ್ನು ಗಟ್ಟಿಯಾಗುವ ಮುನ್ನವೇ ಇಳಿಸಿದ ದ್ರವಬೆಲ್ಲ ಅದು. ಮೇಪಲ್ ಪಾಕಕ್ಕೆ ಹೆಗಲೆಣೆಯಾಗಿ ನಿಲ್ಲುವ ಪದಾರ್ಥ. ಮೈಸೂರಿನ ಪಕ್ಕದ ಮಂಡ್ಯದ ಕಥೆಯೂ ಕಬ್ಬಿನದೇ. ಕೃಷ್ಣರಾಜಸಾಗರದ ನೀರು ನಾಲೆಗೆ ಹರಿದ ಮೇಲೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಕಾರ್ಖಾನೆ ಬಂದರೂ ಆಲೆಮನೆಗಳು ಅಳಿಯಲಿಲ್ಲ. ಮಂಡ್ಯದ ಬೆಲ್ಲ ಇಂದಿಗೂ ಹೆಸರುವಾಸಿ. ಇಷ್ಟು ಹತ್ತಿರ ಬೆಲ್ಲ ಬೇಯುತ್ತಿರುವಾಗ ವಾಫಲ್‌ನ ಪಾಕಕ್ಕೆ ಶೀಶೆ ಹುಡುಕಬೇಕಾದ ಅಗತ್ಯ ಕಾಣದು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ತೂಕದ ಆಕ್ಷೇಪ. ಬೆಲ್ಲವೂ ಸಕ್ಕರೆಯೇ ಅಲ್ಲವೇ, ಬಣ್ಣ ಕಂದಾದ ಮಾತ್ರಕ್ಕೆ ಹಿತವಾಯಿತೇ? ಈ ಪ್ರಶ್ನೆ ನ್ಯಾಯವಾದದ್ದು. ಬೆಲ್ಲದ ಬಹುಭಾಗ ಸಕ್ಕರೆಯೇ. ಅದರಲ್ಲಿರುವ ಖನಿಜಗಳ ಆಸೆಗೆ ಬೆಲ್ಲವನ್ನು ಹೆಚ್ಚು ತಿನ್ನುವುದು ವಿವೇಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಬೆರೆಸಿದ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ ಇವುಗಳಿಂದ ಬರುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ, ಎಂದರೆ ಸುಮಾರು 25 ಗ್ರಾಂಗಿಂತ, ಕೆಳಗಿಳಿದರೆ ಇನ್ನೂ ಮೇಲು. ಆದರೆ ಅದೇ ಮಾರ್ಗಸೂಚಿ ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಕೆಂದರೆ ಆ ಸಕ್ಕರೆಯಿಂದ ಕೆಡುಕಾಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಮನೆಯ ಪಾಕ ಹೇಗಿರಬೇಕು ಎಂಬುದಕ್ಕೆ ಇದೇ ದಾರಿದೀಪ. ಮಾರಾಟದ ಹಣ್ಣಿನ ಸಿರಪ್‌ಗೆ ನಮ್ಮ ದೇಶದ ನಿಯಮ ಕೇಳುವುದು ಕನಿಷ್ಠ ಶೇ. 25 ಹಣ್ಣಿನ ರಸ, ಕರಗಿದ ಘನಾಂಶ ಕನಿಷ್ಠ ಶೇ. 65, ಆ ಘನಾಂಶದ ಬಹುಪಾಲು ಸಕ್ಕರೆ. ಅಷ್ಟು ಸಕ್ಕರೆಯಿದ್ದರೆ ಸೂಕ್ಷ್ಮಜೀವಿಗಳಿಗೆ ನೀರು ದಕ್ಕದೆ ಪಾಕ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಅಂಗಡಿಗೆ ಬೇಕಾದದ್ದು ಬಾಳಿಕೆ. ಭಾನುವಾರ ಮಾಡಿ ಗುರುವಾರದೊಳಗೆ ಮುಗಿಸುವ ಮನೆಗೆ ಆ ಬಾಳಿಕೆ ಬೇಡ, ಆದ್ದರಿಂದ ಅಷ್ಟು ಸಕ್ಕರೆಯೂ ಬೇಡ. ಮನೆಯಲ್ಲಿ ಮಾಡುವುದರ ನಿಜವಾದ ಲಾಭ ಇದು: ಹಣ್ಣು ಹೆಚ್ಚು, ಬೆಲ್ಲ ಕಡಿಮೆ ಎಂದು ಅಳತೆಯನ್ನು ತಿರುವಿಹಾಕುವ ಸ್ವಾತಂತ್ರ್ಯ. ಹಣ್ಣು ಕೆಡುವುದೇಕೆ, ಸಕ್ಕರೆ ಕಾಪಾಡುವುದು ಹೇಗೆ ಎಂಬ ಇಂಥ ವಿಷಯಗಳನ್ನೇ ದಶಕಗಳಿಂದ ಅಭ್ಯಾಸ ಮಾಡುತ್ತಾ ಬಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ, 1950ರಲ್ಲಿ ಆರಂಭವಾದದ್ದು ಒಂಟಿಕೊಪ್ಪಲಿನ ಮಗ್ಗುಲಲ್ಲೇ, ಚೆಲುವಾಂಬ ಮ್ಯಾನ್ಷನ್ನಿನಲ್ಲಿ. ರಾಜಕುಮಾರಿಗಾಗಿ ಕಟ್ಟಿಸಿದ ಅರಮನೆ ದೇಶದ ಅಡುಗೆಮನೆಗೆ ಪ್ರಯೋಗಶಾಲೆಯಾಯಿತು. ಅದರ ನೆರೆಯಲ್ಲಿರುವ ಬಡಾವಣೆ ಆಹಾರವನ್ನು ಅಳತೆಯಿಟ್ಟು ಯೋಚಿಸುವುದು ಶೋಭಿಸುವ ಸಂಗತಿ.

ಈಗ ಮಾಡುವ ಕ್ರಮ. ಎಂಟು ಜನರ ಮನೆಗೆ ಎಂದಿಟ್ಟುಕೊಳ್ಳೋಣ. ಶನಿವಾರ ಮಧ್ಯಾಹ್ನ ಅರ್ಧ ಲೋಟ ಉದ್ದಿನಬೇಳೆಯನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ಎರಡು ಲೋಟ ರಾಗಿಹಿಟ್ಟು, ಒಂದು ಲೋಟ ಅಕ್ಕಿಹಿಟ್ಟು, ಉಪ್ಪು ಸೇರಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿಡಬೇಕು. ಮರುದಿನ ಉಬ್ಬಿದ ಹಿಟ್ಟಿಗೆ ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ನಾಲ್ಕೈದನ್ನು ಹಿಸುಕಿ ಹಾಕಿ, ಎರಡು ಮೂರು ಚಮಚ ತುಪ್ಪ, ಏಲಕ್ಕಿ ಪುಡಿ ಕೂಡಿಸಿ, ಗಾಳಿ ಇಳಿಯದಂತೆ ಮೆಲ್ಲಗೆ ಕಲಕಬೇಕು. ಹಣ್ಣು ಹಿಟ್ಟಿನ ಕಾಲುಭಾಗವನ್ನು ಮೀರಿದರೆ ವಾಫಲ್ ಕಾವಲಿಗೆ ಹಿಡಿಯುತ್ತದೆ. ಹೆಚ್ಚು ಹಣ್ಣು ಬೇಕೆನ್ನುವವರು ಅದನ್ನು ಮೇಲೆ ಹೆಚ್ಚಿ ಹಾಕಿಕೊಳ್ಳಲಿ. ಕಾವಲಿ ನೀರಿನ ಹನಿ ಚಿಮ್ಮುವಷ್ಟು ಕಾದ ಮೇಲೆ ಎಣ್ಣೆ ಸವರಿ, ಹಿಟ್ಟು ಹೊಯ್ದು ಮುಚ್ಚಬೇಕು. ಅಂಚಿನಿಂದ ಬರುವ ಆವಿ ತಗ್ಗುವ ತನಕ ತೆರೆಯಬಾರದು. ಆವಿ ನಿಂತಿತೆಂದರೆ ಒಳಗಿನ ನೀರು ಹೋಗಿ ಮೈ ಗರಿಯಾಯಿತೆಂದೇ ಲೆಕ್ಕ. ಪಾಕಕ್ಕೆ 100 ಗ್ರಾಂ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿ, ಕೈಗೆ ಅಂಟುವ ಹದಕ್ಕೆ ಕುದಿಸಿ, ಎಳೆ ಬರುವ ಮುಂಚೆಯೇ ಎರಡು ಮೂರು ಲೋಟ ಹೆಚ್ಚಿದ ಮಾವನ್ನೋ ಅನಾನಸನ್ನೋ ಬೀಜ ತೆಗೆದ ಸೀಬೆಯ ತಿರುಳನ್ನೋ ಹಾಕಿ ಐದಾರು ನಿಮಿಷ ಬೇಯಿಸಿ ಇಳಿಸಿ, ಆರಿದ ಮೇಲೆ ನಿಂಬೆರಸ ಹಿಂಡಬೇಕು. ತಲೆಗೆ ಬೆಲ್ಲ 12 ಗ್ರಾಂ ಆಸುಪಾಸು ಬರುತ್ತದೆ. ಹಿಂದೆ ಹೇಳಿದ 25 ಗ್ರಾಂನ ಅರ್ಧದಷ್ಟು. ಉಳಿದ ಪಾಕವನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಬೇಕು.

ಹಣ್ಣನ್ನು ಬೇಯಿಸಿದರೆ ಸತ್ವ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿ ವಿಟಮಿನ್ ಬಿಸಿಗೆ ಕುಂದುವುದು ನಿಜ. ನಾರು, ಖನಿಜಗಳು ಉಳಿಯುತ್ತವೆ. ಅದಕ್ಕೇ ಮೇಲೆ ಹಸಿ ಹಣ್ಣು ಇರಬೇಕೆನ್ನುವುದು. ಕಿತ್ತಳೆಗಿಂತ ಹಲವು ಪಟ್ಟು ಸಿ ವಿಟಮಿನ್ ಇರುವ ಸೀಬೆಯ ಹೋಳುಗಳನ್ನು ಹಸಿಯಾಗಿ ಹರಡಿದರೆ ನಷ್ಟ ತುಂಬಿಬರುತ್ತದೆ. ಹಾಲಿನೊಡನೆ ಹುಳಿ ಹಣ್ಣು ವಿರುದ್ಧಾಹಾರ ಎಂದು ಆಯುರ್ವೇದವನ್ನು ನೆನೆಯುವವರಿಗೂ ಇಲ್ಲಿ ತೊಡಕಿಲ್ಲ. ಈ ಕ್ರಮದಲ್ಲಿ ಹಾಲೂ ಇಲ್ಲ, ಕೆನೆಯೂ ಇಲ್ಲ. ಮೆತ್ತನೆಯದೇನಾದರೂ ಬೇಕೆಂದರೆ ಬಾಳೆಹಣ್ಣಿನ ರಸಾಯನಕ್ಕೆ ಬಳಸುವ ಹಾಗೆ ಕಾಯಿಹಾಲು ಇದೆ. ಇಷ್ಟೆಲ್ಲ ಮಾಡಲು ಬಿಡುವೆಲ್ಲಿ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಆ ದುಡಿಮೆ ಸಾಮಾನ್ಯವಾಗಿ ಮನೆಯ ಒಬ್ಬ ಹೆಂಗಸಿನ ಪಾಲಿಗೆ ಬೀಳುತ್ತದೆ. ಆದರೆ ವಾಫಲ್ ಕಾವಲಿ ಮೇಜಿನ ಮೇಲೆ, ಎಲ್ಲರ ನಡುವೆ ಕೂರುವ ಉಪಕರಣ. ಒಬ್ಬರು ಹಿಟ್ಟು ಹೊಯ್ದರೆ ಇನ್ನೊಬ್ಬರು ಹಣ್ಣು ಹೆಚ್ಚಬಹುದು, ಮಕ್ಕಳು ಪಾಕ ಬಡಿಸಬಹುದು. ಹಂಚಿಕೊಂಡು ಮಾಡುವುದಾದರೆ ಮಾತ್ರ ಈ ತಿಂಡಿಯನ್ನು ಮಾಡಿ ಎಂದೇ ನನ್ನ ವಿನಂತಿ. ಕಾವಲಿ ಕೊಳ್ಳಲಾಗದವರಿಗೆ ಗುಳಿಯಪ್ಪದ ಹಂಚು ಇದೆ. ಅದೇ ಹಿಟ್ಟು, ಅದೇ ಪಾಕ, ಅದೇ ಹಿತ.

ಕೊನೆಯ ಆಕ್ಷೇಪ, ಪರದೇಶದ್ದು ನಮಗೇಕೆ ಎಂಬುದು. ಇದಕ್ಕೆ ಉತ್ತರ ನಮ್ಮ ಮುದ್ದೆಯ ತಟ್ಟೆಯಲ್ಲೇ ಇದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತು. ಮಂಡ್ಯದಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು, 'ರಾಗಿ ಲಕ್ಷ್ಮಣಯ್ಯ' ಎಂದೇ ಜನ ಕರೆದವರು, ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಹೆಚ್ಚು ಇಳುವರಿಯ ತಳಿಗಳನ್ನು ಕೊಟ್ಟರು. ಇಂಡಾಫ್ ಎಂಬ ಆ ತಳಿಗಳ ಹೆಸರಿನಲ್ಲೇ ಎರಡೂ ನಾಡುಗಳು ಕೂಡಿವೆ. ಮೆಣಸಿನಕಾಯಿ, ಸೀಬೆ, ಅನಾನಸು, ಪಪ್ಪಾಯಿಗಳ ತವರು ಅಮೆರಿಕ ಖಂಡ. ಇವನ್ನು ನಾವು ಬರಿದೆ ಒಳಗೆ ಬಿಟ್ಟುಕೊಳ್ಳಲಿಲ್ಲ, ನಮ್ಮ ಹದಕ್ಕೆ ತಂದುಕೊಂಡೆವು. ಈ ಮಾತನ್ನು ನಿಮ್ಮ ಕಿವಿಗೆ ಮುಟ್ಟಿಸುತ್ತಿರುವ ಬಾನುಲಿಯನ್ನೇ ನೋಡಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು, ಇಂದಿನ ಮೈಸೂರು ಬಾನುಲಿ ನಿಲಯಕ್ಕೆ ಕೂಗಳತೆಯಲ್ಲಿದ್ದ ತಮ್ಮ ಮನೆಯಲ್ಲಿ ಸಣ್ಣದೊಂದು ಬಾನುಲಿ ಕೇಂದ್ರ ನಡೆಸತೊಡಗಿದರು. ಯಂತ್ರ ಹೊರನಾಡಿನದು, ಹೆಸರು ಮಾತ್ರ 'ಆಕಾಶವಾಣಿ'. ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. ಯಂತ್ರವನ್ನು ಮನೆಗೆ ತಂದು, ಅದರೊಳಗೆ ನಮ್ಮ ಮಾತನ್ನು ತುಂಬಿದರೆ ಅದು ನಮ್ಮದಾಗುತ್ತದೆ ಎಂಬುದನ್ನು ಮೈಸೂರು ಹೀಗೆ ಒಮ್ಮೆ ತೋರಿಸಿಕೊಟ್ಟಿದೆ. ವಾಫಲ್ ಕಾವಲಿಯೂ ಅಂಥದೊಂದು ಯಂತ್ರವೇ. ಅದರೊಳಗೆ ರಾತ್ರಿ ಹುದುಗಿದ ರಾಗಿ, ನಂಜನಗೂಡಿನ ಬಾಳೆ, ಮಂಡ್ಯದ ಬೆಲ್ಲ ಬೀಳಲಿ. ಆಮೇಲೆ ಅದನ್ನು ವಾಫಲ್ ಎಂದರೂ ಸರಿ, ಹಣ್ಣಿನ ಅಪ್ಪ ಎಂದರೂ ಸರಿ. ಬರುವ ಭಾನುವಾರ ಯಾರಾದರೂ 'ಫಲಾಹಾರ ಆಯಿತೇ' ಎಂದು ಕೇಳಿದರೆ, ಆ ಪದದ ಪೂರ್ಣ ಅರ್ಥದಲ್ಲಿ 'ಆಯಿತು' ಎನ್ನುವಂತಾಗಲಿ.